ಶಾಮಿಯಾನ ಅಂಗಡಿಯ ಎಮ್ಮೆಲ್ಲೆ

ಕೆಲವು ಮನೆಗೆ ಇಲಿ ಕಾಟ, ಕೆಲವು ಮನೆಗೆ ನೆಂಟರ ಕಾಟ. ವಿಜಯವಾಡದಲ್ಲಿ ನಾವು ಬಾಡಿಗೆಗಿದ್ದ ಮನೆಗೆ ಪ್ರಸಂಗಗಳ ಕಾಟ. ಒಂದಕ್ಕೆ ನಕ್ಕು ಸೆರಗಲ್ಲಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಇನ್ನೊಂದು ಮೆಟ್ಟಿಲು ಹತ್ತಿ ಬಂದಿರುತ್ತಿತ್ತು. ಬರದೆ ಏನು ಮಾಡೀತು? ಮನೆ ಓನರು ಎಮ್ಮೆಲ್ಲೆಯೂ ಹೌದು, ಶಾಮಿಯಾನ ಅಂಗಡಿಯವರೂ ಹೌದು. ನಾಲ್ಕು ಜನ ಸೇರುವ ಕಡೆ ಎಮ್ಮೆಲ್ಲೆ ಇರಬೇಕು. ನಾಲ್ಕು ಜನ ಸೇರುವ ಕಡೆ ಶಾಮಿಯಾನವೂ ಇರಬೇಕು. ಪಾಪ, ಎರಡಕ್ಕೂ ಅವರೊಬ್ಬರೇ.

ಅಮ್ಮಗಾರ ಷರತ್ತು

ಎಂಬತ್ತರ ದಶಕದ ಮಾತು. ನಮ್ಮ ಯಜಮಾನರು ಬ್ಯಾಂಕಿನಲ್ಲಿ ಗುಮಾಸ್ತರು. ತುಮಕೂರಿನಿಂದ ವರ್ಗವಾಗಿ ಬಂದ ನಮಗೆ ಒನ್ ಟೌನ್ ಅನ್ನುವ ಹಳೇ ಪೇಟೆಯ ಸಗಟು ಅಂಗಡಿಗಳ ಓಣಿಯಲ್ಲಿ ಒಂದು ಮಹಡಿ ಮನೆ ಸಿಕ್ಕಿತು. ಕೆಳಗೆ ಶಾಮಿಯಾನ, ಕುರ್ಚಿ, ಮೈಕು, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಅದರ ಮೇಲೆ ಅಂಗಡಿಯವರ ಸಂಸಾರ. ಅದರ ಮೇಲೆ ನಾವು: ನಾನು, ಯಜಮಾನರು, ಇಬ್ಬರು ಹೆಣ್ಣುಮಕ್ಕಳು, ನಮ್ಮತ್ತೆ.

ಅಂಗಡಿ ನಡೆಸುತ್ತಿದ್ದವರು ಒಬ್ಬ ಮುದುಕಿ. ಊರಿಗೆಲ್ಲ ಅವರು ಅಮ್ಮಗಾರು, ನಮ್ಮ ಮಾತಲ್ಲಿ ಅಮ್ಮನವರು. ಗಂಡ ಹೋದ ಮೇಲೆ ಅಂಗಡಿಯನ್ನು ಹೊತ್ತು ನಿಲ್ಲಿಸಿದವರು. ಅವರಿಗೆ ಒಬ್ಬನೇ ಮಗ. ಆ ಮಗನಿಗೆ ಚಿಕ್ಕಂದಿನಿಂದ ಒಂದು ಆಸೆ. ಕಂಡೋರ ಭಾಷಣಕ್ಕೆ ಕಂಬ ನೆಟ್ಟು ನೆಟ್ಟು ಸಾಕಾಗಿತ್ತು. ಒಂದು ಸಲ ತಾನೂ ಆ ನೆರಳಲ್ಲಿ ನಿಂತು ಮಾತಾಡಬೇಕು, ಜನ ಕೂತು ಕೇಳಬೇಕು. ಒಂದು ದಿನ ಪಕ್ಷದವರು ಟಿಕೆಟ್ ಕೊಡುತ್ತೇವೆ ಅಂದುಬಿಟ್ಟರು. ಇವರು ಓಡಿಬಂದು ತಾಯಿಯ ಕಾಲಿಗೆ ಬಿದ್ದರು. ಅಮ್ಮಗಾರು ದಬ್ಬಳ ಹಿಡಿದು ಹರಿದ ಶಾಮಿಯಾನ ಹೊಲಿಯುತ್ತಿದ್ದರು. ನಾನು ಅಲ್ಲೇ ಬಾಗಿಲಲ್ಲಿ ಗೋಂಗೂರ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ತಾಯಿ ಮಗ ಆಡಿದ್ದು ತೆಲುಗಿನಲ್ಲಿ, ನಾನು ಹೇಳುತ್ತಿರುವುದು ನಮ್ಮ ಮಾತಿನಲ್ಲಿ.

"ಹೋಗು, ಬೇಡ ಅನ್ನಲ್ಲ," ಅಂದರು ಅಮ್ಮಗಾರು. "ಆದ್ರೆ ಅಂಗಡಿ ಧರ್ಮ ಅಂಗಡಿ ಧರ್ಮವೇ. ಮೊದಲು ಬಂದು ಕೇಳಿದೋರಿಗೆ ಮೊದಲು. ಅವರು ಯಾವ ಪಕ್ಷ, ಯಾವ ಜಾತಿ ಅಂತ ನೋಡಂಗಿಲ್ಲ. ಕೊಡ್ತೀನಿ ಅಂದ್ಮೇಲೆ ಕೊಡಲೇಬೇಕು. ಮತ್ತೆ, ಕಟ್ಟಿದ ಶಾಮಿಯಾನ ಬಿಚ್ಚೋವರೆಗೂ ಮನೆಯವರು ಒಬ್ಬರು ಅಲ್ಲಿರಬೇಕು. ಕೂಲಿಯವರ ಮೇಲೆ ಹಾಕಿ ಬರಂಗಿಲ್ಲ. ನಿಮ್ಮಪ್ಪ ನಡೆಸಿದ್ದು ಹಂಗೆ. ಇದರಲ್ಲಿ ಒಂದು ಸಲ ತಪ್ಪಿದ್ರೂ ಅಸೆಂಬ್ಲಿ ಬಿಟ್ಟು ಬಂದು ಇಲ್ಲಿ ಕೂತ್ಕೋಬೇಕು. ಆಗುತ್ತಾ?"

"ಆಗುತ್ತಮ್ಮಾ."

"ಎಷ್ಟು ವರ್ಷದ್ದು ಅದು, ಎಮ್ಮೆಲ್ಲೆ ಕೆಲಸ?"

"ಐದು ವರ್ಷ ಅಮ್ಮಾ."

"ಆಮೇಲೆ?"

"ಆಮೇಲೆ ಜನ ಮತ್ತೆ ಕೊಟ್ರೆ ಉಂಟು, ಇಲ್ಲಾಂದ್ರೆ ಬಿಟ್ಟು ಬರಬೇಕು."

ಅಮ್ಮಗಾರು ದಾರವನ್ನು ಹಲ್ಲಿನಲ್ಲಿ ಕಡಿದರು. "ಅಂದ್ರೆ ಅದೂ ಬಾಡಿಗೆ ಸಾಮಾನೇ. ವಾಪಸ್ ಕೊಡೋವಾಗ ಹರಿದಿರಬಾರದು, ಅಷ್ಟು ನೋಡ್ಕೋ."

ಮೈಕು

ಗೆದ್ದು ಇನ್ನೂ ವರ್ಷ ತುಂಬಿರಲಿಲ್ಲ. ಕಾಲುವೆ ಪಕ್ಕದ ಬೀದಿಗಳಿಗೆ ಕುಡಿಯುವ ನೀರು ಬರುತ್ತಿಲ್ಲ ಅಂತ ಎದುರು ಪಕ್ಷದವರು ನಮ್ಮ ಎಮ್ಮೆಲ್ಲೆ ಮೇಲೆ ಧರಣಿ ಇಟ್ಟುಕೊಂಡರು. ಅವರ ಮುಂದಾಳು ಒಬ್ಬ ಅಕ್ಕಿ ಗಿರಣಿ ಸಾಹುಕಾರರು, ಚುನಾವಣೆಯಲ್ಲಿ ನಮ್ಮವರ ಎದುರು ನಿಂತು ಸೋತವರು. ಧರಣಿಗೆ ಶಾಮಿಯಾನ, ಮೈಕು ಎಲ್ಲ ನಮ್ಮ ಅಮ್ಮಗಾರ ಅಂಗಡಿಯಿಂದಲೇ. ಊರಲ್ಲಿ ಬೇರೆ ಅಂಗಡಿ ಇರಲಿಲ್ಲ ಅಂತಲ್ಲ. ಸಾಹುಕಾರರ ಮದುವೆಯಿಂದ ಹಿಡಿದು ಮೊಮ್ಮಗನ ನಾಮಕರಣದವರೆಗೆ ಎಲ್ಲ ಇದೇ ಬಟ್ಟೆಯ ಕೆಳಗೇ ಆಗಿತ್ತು. "ಅವನ ರಾಜಕೀಯ ಸಡಿಲ, ಅವನ ಕಂಬ ಗಟ್ಟಿ" ಅನ್ನುತ್ತಿದ್ದರು ಅವರು.

ಧರಣಿ ನಮ್ಮ ಓಣಿಯ ಮೂಲೆಯಲ್ಲೇ. ನಾನು ಮಾಳಿಗೆ ಮೇಲೆ ಮಜ್ಜಿಗೆ ಮೆಣಸಿನಕಾಯಿ ಒಣಗಿಸುತ್ತಿದ್ದೆ. ಎಮ್ಮೆಲ್ಲೆಗಾರು ಯಾರ ಕಣ್ಣಿಗೂ ಬೀಳಬಾರದು ಅಂತ ನಮ್ಮ ಮೆಟ್ಟಿಲ ಮೇಲೆ ಮುದುರಿಕೊಂಡು ಕೂತಿದ್ದರು. ಬಿಚ್ಚುವವರೆಗೂ ಮನೆಯವರು ಹತ್ತಿರ ಇರಬೇಕಲ್ಲ! ತಮ್ಮ ಮೇಲಿನ ಬೈಗುಳಕ್ಕೆ ತಾವೇ ಕಾವಲು.

ಸಾಹುಕಾರರು ಎದ್ದು ನಿಂತರು. ಗಂಟಲು ಸರಿಮಾಡಿಕೊಂಡರು. "ಅಕ್ಕ ತಂಗೀರೇ, ಈ ಎಮ್ಮೆಲ್ಲೆಗೆ ಒಂದು ಕೆಲಸ ನೆಟ್ಟಗೆ ಮಾಡೋಕೆ ಬರಲ್ಲ! ಇವನು—" ಅನ್ನುವಷ್ಟರಲ್ಲಿ ಮೈಕು ಕುಂಯ್ ಅಂತ ಕಿರುಚಿ ಸತ್ತೇ ಹೋಯಿತು.

ಕೆಳಗಿನಿಂದ ಅಮ್ಮಗಾರ ಕೂಗು. "ಒರೇಯ್! ನಮ್ಮ ಮೈಕು ಕೆಟ್ಟಿದೆ, ಹೋಗಿ ನೋಡು!"

"ಅಮ್ಮಾ, ಅವರು ನನ್ನನ್ನೇ ಬೈತಿದಾರೆ."

"ಬೈತಿರೋದು ಯಾರಿಗೂ ಕೇಳಿಸ್ತಿಲ್ಲ. ನಾಳೆ ಮಾತು ಬರೋದು ಅಂಗಡಿ ಮೇಲೆ. ಎದ್ದೇಳು!"

ಎಮ್ಮೆಲ್ಲೆಗಾರು ಪಂಚೆ ಎತ್ತಿ ಕಟ್ಟಿ, ಸ್ಕ್ರೂಡ್ರೈವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಮಗೇ ಧಿಕ್ಕಾರ ಕೂಗುತ್ತಿದ್ದ ಜನದ ನಡುವೆ ದಾರಿ ಮಾಡಿಕೊಂಡು ಹೋದರು. ಕೂಗು ನಿಂತಿತು. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಇವರು ಪೆಟ್ಟಿಗೆ ಬಿಚ್ಚಿ, ತಂತಿ ತಿರುಚಿ, ಉಫ್ ಉಫ್ ಅಂತ ಊದಿ, ಮೈಕನ್ನು ಸಾಹುಕಾರರ ಕೈಗೆ ಕೊಟ್ಟು, "ಈಗ ಬೈಯಿರಿ" ಅಂದರು.

ಸಾಹುಕಾರರಿಗೆ ಬಂದ ಆವೇಶ ಇಳಿದುಹೋಗಿತ್ತು. ತಲೆ ಕೆರೆದುಕೊಂಡು, "ಎಲ್ಲೀವರೆಗೆ ಬಂದಿದ್ದೆ ನಾನು?" ಅಂತ ಕೇಳಿದರು.

ಎಮ್ಮೆಲ್ಲೆಗಾರು ವಿನಯವಾಗಿ ಹೇಳಿದರು, "ನನಗೆ ಒಂದು ಕೆಲಸ ನೆಟ್ಟಗೆ ಮಾಡೋಕೆ ಬರಲ್ಲ ಅನ್ನೋವರೆಗೆ."

ಕುರ್ಚಿ ಕಾಲು

ಅವತ್ತು ಸಂಜೆವರೆಗೂ ಎಮ್ಮೆಲ್ಲೆಗಾರು ಧರಣಿಯಲ್ಲೇ ಕೂತಿದ್ದರು. ಬೇರೆ ಎಮ್ಮೆಲ್ಲೆಗಳು ತಮ್ಮ ಮೇಲೆ ಧರಣಿಯಾದರೆ ಹೈದರಾಬಾದಿನಲ್ಲಿರುತ್ತಾರೆ. ಇವರು ಒಬ್ಬೊಬ್ಬ ಹೆಂಗಸು ಎದ್ದು ನಿಂತು ಕೊಡದ ಕಥೆ, ಕೊಳಾಯಿ ಕಥೆ ಹೇಳಿದ್ದನ್ನು ಕೊನೇ ಕುರ್ಚಿ ಎತ್ತುವವರೆಗೂ ಕೇಳಿಸಿಕೊಂಡರು. ಬೇರೆ ದಾರಿಯೂ ಇರಲಿಲ್ಲ ಅನ್ನಿ. ಆಮೇಲೆ ಆ ಬೀದಿಗಳಿಗೆ ನೀರು ಬಂತು. ಜನರ ಮಾತು ಕೇಳುವ ಬುದ್ಧಿ ಒಬ್ಬೊಬ್ಬರಿಗೆ ಒಂದೊಂದು ದಾರಿಯಿಂದ ಬರುತ್ತದೆ, ಇವರಿಗೆ ತಾಯಿಯ ಹೆದರಿಕೆಯಿಂದ ಬಂತು ಅಂತ ನಾನು ಅಂದುಕೊಂಡಿದ್ದೇನೆ.

ಆದರೆ ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಯಾವ ಮದುವೆಗೆ ಕರೆದರೂ ಇವರು ಕೂರುವ ಮೊದಲು ಕುರ್ಚಿಯನ್ನು ತಲೆಕೆಳಗೆ ಮಾಡಿ ಕಾಲು ಅಲುಗಾಡಿಸಿ ನೋಡುತ್ತಿದ್ದರು. ನಮ್ಮ ಬ್ಯಾಂಕಿನ ಮ್ಯಾನೇಜರು ಧಾರವಾಡದ ಕಡೆಯವರು. ಅವರ ಮಗನ ಮುಂಜಿಗೆ ಎಮ್ಮೆಲ್ಲೆ ಬರುತ್ತಾರೆ ಅಂತ ಯಾರಿಂದಲೋ ಕೆತ್ತನೆ ಕೆಲಸದ ದೊಡ್ಡ ಕುರ್ಚಿ ಕೇಳಿ ತಂದಿಟ್ಟಿದ್ದರು. ಇವರು ಬಂದವರೇ ಅದನ್ನು ಬೋರಲು ಹಾಕಿ, ಬಗ್ಗಿ ನೋಡಿ, ಮತ್ತೆ ನಿಲ್ಲಿಸಿ, ಪಕ್ಕದ ಮಡಚುವ ಕುರ್ಚಿ ಮೇಲೆ ಕೂತರು.

ಮ್ಯಾನೇಜರ ಹೆಂಡತಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಏನ್ರೀ, ನಮ್ಮನಿಯಾಗ ಬಾಂಬ್ ಇಟ್ಟೀವಿ ಅಂತ ತಿಳಕೊಂಡಾರೇನ್ರೀ?"

ನಮ್ಮತ್ತೆಗೆ ಜೈಕಾರ

ನಮ್ಮತ್ತೆ ವಿಜಯವಾಡಕ್ಕೆ ಬಂದ ಮೇಲೆ ಕಲಿತದ್ದು ಒಂದೇ ತೆಲುಗು ಮಾತು: "ವದ್ದು." ಬೇಡ ಅಂತ. ತರಕಾರಿಯವನಿಗೆ ವದ್ದು, ಭಿಕ್ಷೆಯವನಿಗೆ ವದ್ದು, ಅಮ್ಮಗಾರು ಅಕ್ಕರೆಯಿಂದ ಕಳಿಸುವ ಆವಕಾಯಿ ಉಪ್ಪಿನಕಾಯಿಗೂ ಖಾರ ಅಂತ ವದ್ದು. ಒಂದು ಬೇಸಿಗೆಯಲ್ಲಿ, ಬೆಳಗಿನ ಕಾಫಿಗೂ ವದ್ದು ಅಂದು ಮಲಗಿದವರು ಮತ್ತೆ ಏಳಲಿಲ್ಲ.

ಪರಊರಲ್ಲಿ ಸಾವಾದರೆ ಗೊತ್ತಾಗುತ್ತೆ ನೋಡಿ ಪರಊರು ಅಂದರೆ ಏನು ಅಂತ. ನಮ್ಮ ನೆಂಟರು ರೈಲು ಹತ್ತಿ ಬರುವುದಕ್ಕೆ ಒಂದು ಹಗಲು ಒಂದು ರಾತ್ರಿ ಬೇಕು. ಆ ಬಿಸಿಲಲ್ಲಿ ಕಾಯುವ ಹಾಗಿಲ್ಲ. ಹೆಗಲು ಕೊಡುವುದಕ್ಕೆ ಯಾರನ್ನು ಕರೆಯುವುದು? ಯಜಮಾನರು ಗೋಡೆಗೆ ಒರಗಿ ಕೂತುಬಿಟ್ಟರು. ಅಮ್ಮಗಾರು ಮೇಲೆ ಹತ್ತಿ ಬಂದು ನನ್ನ ಪಕ್ಕ ಕೂತರು. ಅವತ್ತು ಎಮ್ಮೆಲ್ಲೆಗಾರು ಒಬ್ಬ ಮಂತ್ರಿಗಳನ್ನು ಎದುರುಗೊಳ್ಳಬೇಕಿತ್ತು. ಬಿಳಿ ಬಟ್ಟೆ ಹಾಕಿ ಹೊರಟಿದ್ದವರು ನಮ್ಮ ಬಾಗಿಲಿಗೆ ಬಂದು ಚಪ್ಪಲಿ ಬಿಟ್ಟರು. "ಅಕ್ಕಯ್ಯಾ, ನಾನಿದೀನಿ" ಅಂದರು. ಓಣಿಗೆ ಶಾಮಿಯಾನ ಕಟ್ಟಿದರು. ಆಮೇಲೆ ಚಟ್ಟಕ್ಕೆ ನಾಲ್ಕನೇ ಹೆಗಲು ಕೊಟ್ಟರು. ಯಜಮಾನರು, ಬ್ಯಾಂಕಿನ ಇಬ್ಬರು, ಅವರು.

ಎಮ್ಮೆಲ್ಲೆ ಬರಿಗಾಲಲ್ಲಿ ಹೆಗಲು ಕೊಟ್ಟು ಹೋಗುವುದನ್ನು ಒನ್ ಟೌನಿನ ವ್ಯಾಪಾರಿಗಳು ನೋಡಿದರು. ಓಹೋ, ಇವರ ಅಜ್ಜಿ ತೀರಿಕೊಂಡರು ಅಂತ ಒಂದೊಂದೇ ಅಂಗಡಿ ಬಾಗಿಲೆಳೆಯಿತು. ಪಕ್ಷದವರು ಹಾರ, ಬಾವುಟ ಹಿಡಿದು ಓಡಿಬಂದರು. ಹಿಂದೆ ನೂರಾರು ಜನ. "ಬಾಮ್ಮಗಾರು ಅಮರ್ ರಹೇ!" ಅಂತ ಘೋಷಣೆ, ಬಾಮ್ಮ ಅಂದರೆ ಅಜ್ಜಿ. ಕೃಷ್ಣೆಯ ದಂಡೆ ಮುಟ್ಟುವ ಹೊತ್ತಿಗೆ ಆ ಮಂತ್ರಿಗಳೇ ಕಾರಿನಲ್ಲಿ ಬಂದಿಳಿದರು. ಎಮ್ಮೆಲ್ಲೆಗಾರು, "ಸಾರ್, ಇವರು ನಮ್ಮ ಮೇಲಿನ ಮನೆ..." ಅನ್ನುತ್ತಲೇ ಇದ್ದಾರೆ, ಮಂತ್ರಿಗಳು ಅವರನ್ನು ಅಪ್ಪಿಕೊಂಡು ಸಮಾಧಾನ ಹೇಳಿ, ಕಟ್ಟೆ ಹತ್ತಿ ಭಾಷಣವನ್ನೇ ಮಾಡಿಬಿಟ್ಟರು. ಆ ತಾಯಿ ತೆಲುಗು ನಾಡಿಗೆ ಎಂಥ ಮೊಮ್ಮಗನನ್ನು ಬೆಳೆಸಿಕೊಟ್ಟಳು, ಅವಳ ಋಣ ಹೇಗೆ ತೀರಿಸುವುದು, ಅವಳ ಹೆಸರಲ್ಲಿ ಒಂದು ಬಸ್ ನಿಲ್ದಾಣ ಕಟ್ಟಿಸೋಣ ಅಂತೆಲ್ಲ.

ಹೆಂಗಸರು ಅಲ್ಲಿಗೆ ಹೋಗುವ ಪದ್ಧತಿಯಿಲ್ಲ. ಮನೆಗೆ ಬಂದು ಸ್ನಾನ ಮಾಡಿ ಯಜಮಾನರು ಹೇಳಿದ್ದು. ಹೇಳುತ್ತಾ ಅತ್ತರು, ಅಳುತ್ತಾ ನಕ್ಕರು. ತವರಲ್ಲಿ ಒಬ್ಬಳು, ಗಂಡನ ಮನೆಯಲ್ಲಿ ಒಬ್ಬಳು ಅಂತ ಯಾರ ಲೆಕ್ಕಕ್ಕೂ ಬಾರದೆ ಬಾಳಿದ ಹೆಂಗಸು. ಊರೇ ಬಾಗಿಲು ಹಾಕಿಕೊಂಡು ಕಳಿಸಿಕೊಟ್ಟಿತು. ನಮ್ಮತ್ತೆ ಬಸ್ ನಿಲ್ದಾಣದ ಮಾತು ಕೇಳಿಸಿಕೊಂಡಿದ್ದರೆ ಏನನ್ನುತ್ತಿದ್ದರು ಅಂದೆ ನಾನು.

ನನ್ನ ಚಿಕ್ಕ ಮಗಳು ಮೂಲೆಯಿಂದಲೇ ಹೇಳಿದಳು: "ವದ್ದು."

ಗನ್ನವರಂ ಫೋಟೊ

ಅವರ ಪಕ್ಷದ ದೊಡ್ಡ ನಾಯಕರು ಒಮ್ಮೆ ವಿಮಾನದಲ್ಲಿ ಬಂದು ಗನ್ನವರಂನಲ್ಲಿ ಇಳಿಯುವುದಿತ್ತು. ವಿಜಯವಾಡದ ಬಿಸಿಲು ಗೊತ್ತಲ್ಲ, ಅಂಗಳದಲ್ಲಿ ಹಪ್ಪಳ ಇಟ್ಟರೆ ಎಣ್ಣೆ ಬೇಡ. ನಾಯಕರು ನಿಂತು ಹಾರ ಹಾಕಿಸಿಕೊಳ್ಳುವ ಜಾಗದಲ್ಲಿ ನೆರಳಿಲ್ಲ ಅಂತ ಕೊನೇ ಗಳಿಗೆಯಲ್ಲಿ ಗೊತ್ತಾಯಿತು. "ನಿಮ್ಮದೇ ಅಂಗಡಿ ಇದೆಯಲ್ಲ!" ಅಂದರು ಎಲ್ಲರೂ.

ಮದುವೆ ಕಾಲ. ಒಳ್ಳೊಳ್ಳೆ ಬಟ್ಟೆಯೆಲ್ಲ ಹೊರಗೆ ಹೋಗಿತ್ತು. ಉಳಿದಿದ್ದು ಒಂದೇ, ಅಂಚಿಗೆ ಅಂಗಡಿಯ ಜಾಹೀರಾತು ಹೊಲಿದದ್ದು. ಆತುರದಲ್ಲಿ ಅದನ್ನೇ ಕಟ್ಟಿದರು. ಮಾರನೇ ದಿನ ಪೇಪರಿನ ಮೊದಲನೇ ಪುಟದಲ್ಲಿ ಫೋಟೊ. ನಾಯಕರು ಕೈಮುಗಿದು ನಿಂತಿದ್ದಾರೆ. ಅವರ ತಲೆಯ ಮೇಲೆ, ದೇವರ ಪ್ರಭಾವಳಿಯ ಹಾಗೆ, ದೊಡ್ಡ ದೊಡ್ಡ ಅಕ್ಷರ: "ಮದುವೆ, ನಾಮಕರಣ, ಉತ್ತರಕ್ರಿಯೆಗಳಿಗೆ ಬಾಡಿಗೆಗೆ ಕೊಡಲಾಗುವುದು."

ಹೈದರಾಬಾದಿನಿಂದ ಫೋನ್ ಮೇಲೆ ಫೋನ್. ನಾಯಕರು ಕೆಂಡಾಮಂಡಲ. ನಮ್ಮನ್ನು ಬಾಡಿಗೆಗೆ ಕೊಡುತ್ತೀರೇನ್ರೀ ಅಂತ ಕೇಳಿದರಂತೆ. ಮುಂದಿನ ಸಲ ಟಿಕೆಟ್ ಹೇಗೆ ತಗೋತೀರೋ ನೋಡೋಣ ಅಂದರಂತೆ. ಎಮ್ಮೆಲ್ಲೆಗಾರು ಊಟ ಬಿಟ್ಟರು. ಅವರಿಗೆ ಅತ್ತ ದರಿ, ಇತ್ತ ಪುಲಿ: ಅಂಗಡಿ ಧರ್ಮ ತಪ್ಪಿದರೆ ತಾಯಿ ಅಸೆಂಬ್ಲಿ ಬಿಡಿಸುತ್ತಾರೆ, ನಾಯಕರು ಮುನಿದರೆ ಪಕ್ಷ ಬಿಡಿಸುತ್ತದೆ.

ಅಮ್ಮಗಾರಿಗೆ ಮಾತ್ರ ಖುಷಿಯೋ ಖುಷಿ. "ಇವನು ಎಮ್ಮೆಲ್ಲೆ ಆಗಿ ಅಂಗಡಿಗೆ ಮೊದಲನೇ ಸಲ ಒಂದು ಉಪಕಾರ ಆಯ್ತು" ಅಂದರು. ಬಂದವರೆಲ್ಲ ದೊಡ್ಡವರು ನಿಂತಿದ್ದ ಶಾಮಿಯಾನವೇ ಬೇಕು ಅನ್ನುತ್ತಿದ್ದರು.

ಮೂರು ವಾರ ಕಳೆದ ಮೇಲೆ ಹೈದರಾಬಾದಿನಿಂದ ಮತ್ತೆ ಫೋನ್ ಬಂತು. ಈ ಸಲ ದನಿ ಮೆತ್ತಗಿತ್ತು. ನಾಯಕರ ತಂಗಿಯ ಮಗಳ ಮದುವೆ ವಿಜಯವಾಡದಲ್ಲಿ, ಆ ಫೋಟೊದಲ್ಲಿದ್ದ ಶಾಮಿಯಾನವೇ ಆಗಬೇಕಂತೆ. ಎಮ್ಮೆಲ್ಲೆಗಾರ ಮುಖ ಅರಳಿತು. "ಅಮ್ಮಾ, ಬದುಕಿದೆ! ಅದನ್ನ ತೆಗೆದಿಡು" ಅಂದರು.

ಅಮ್ಮಗಾರು ತಾರೀಕು ಕೇಳಿ ತಲೆಯಾಡಿಸಿದರು. "ಆವತ್ತಿಗೆ ಸೈಕಲ್ ಶಾಪಿನವನು ಅವರಪ್ಪನ ತಿಥಿಗೆ ಹೇಳಿ ಹೋಗಿದಾನೆ. ತಿಥಿ ಮುಂದೆ ಹಾಕೋಕಾಗಲ್ಲ. ಮದುವೆ ಮುಂದೆ ಹಾಕ್ಕೊಳ್ಳೋಕೆ ಹೇಳು."

ಸಮುದ್ರದ ಗಾಳಿ

ನನ್ನ ದೊಡ್ಡ ಮಗಳನ್ನು ನೌಕಾಪಡೆಯ ಹುಡುಗನಿಗೆ ಕೊಟ್ಟಿದ್ದೆವು. ನಮ್ಮ ಕಡೆಯವನೇ, ವಿಶಾಖಪಟ್ಟಣದಲ್ಲಿ ಕೆಲಸ, ಅಲ್ಲೇ ಊರಂಚಿನ ಪೆಂಡುರ್ತಿಯಲ್ಲಿ ಮನೆ. ಮಗಳ ಬಾಣಂತನಕ್ಕೆ ನಾನು ಹೊರಟಾಗ ಎಮ್ಮೆಲ್ಲೆಗಾರೂ ಅಲ್ಲಿಗೇ ಹೊರಟಿದ್ದರು. ಸಮುದ್ರದ ದಂಡೆಯಲ್ಲಿ ಪಕ್ಷದ ದೊಡ್ಡ ಸಭೆ. "ಅಕ್ಕಯ್ಯಾ, ಕಾರಲ್ಲೇ ಬನ್ನಿ" ಅಂದರು. ಚುನಾವಣೆಗೆ ಇನ್ನು ಕೆಲವೇ ತಿಂಗಳು. ಮದುವೆಗೆ ಶಾಮಿಯಾನ ಸಿಗದ ಸಿಟ್ಟು ನಾಯಕರಿಗೆ ಇಳಿದಿರಲಿಲ್ಲ. "ಸಭೆಯಲ್ಲಿ ಬಾಯಿ ಮುಚ್ಕೊಂಡು ಕೂತಿದ್ದು ಬರ್ತೀನಿ. ಎದ್ದು ನಿಂತ್ರೂ ತಪ್ಪಾದೀತು" ಅಂತ ದಾರಿಯುದ್ದಕ್ಕೂ ಜಪ ಮಾಡಿದರು.

ಅಳಿಯ ನನ್ನನ್ನು ಸಭೆ ನೋಡಲು ಕರೆದುಕೊಂಡು ಹೋದ. ಬೇರೆ ಯಾರದೋ ಅಂಗಡಿಯ ಭಾರಿ ಶಾಮಿಯಾನ. ನಾಯಕರ ಭಾಷಣ ಏರುತ್ತಿತ್ತು, ಸಮುದ್ರದ ಗಾಳಿಯೂ ಏರುತ್ತಿತ್ತು. ವೇದಿಕೆಯ ಹಿಂದಿನ ಸಾಲಿನಲ್ಲಿ ನಮ್ಮ ಎಮ್ಮೆಲ್ಲೆಗಾರು. ಅವರ ಕಣ್ಣು ಮಾತ್ರ ನಾಯಕರ ಮೇಲಿಲ್ಲ, ಒಂದು ಮೂಲೆಯ ಹಗ್ಗದ ಮೇಲಿದೆ. ನೋಡುತ್ತಾರೆ, ಬೆವರೊರೆಸಿಕೊಳ್ಳುತ್ತಾರೆ, ಮತ್ತೆ ನೋಡುತ್ತಾರೆ. ನಾನೂ ಆ ಕಡೆ ನೋಡಿದೆ. ಗೂಟ ಮರಳಿಂದ ಮೆಲ್ಲಗೆ ಮೇಲೇಳುತ್ತಿದೆ! ಮರಳಲ್ಲಿ ಬರೀ ಗೂಟ ನಿಲ್ಲುವುದಿಲ್ಲ, ಅದರ ಮೇಲೆ ಮರಳು ಮೂಟೆ ಹೇರಬೇಕು ಅಂತ ಅಮ್ಮಗಾರ ಮನೆಯಲ್ಲಿದ್ದು ನನಗೂ ಗೊತ್ತಿತ್ತು.

ತಡೆದುಕೊಳ್ಳಲಾಗಲಿಲ್ಲ ಅವರಿಗೆ. ನಾಯಕರು ಭಾಷಣ ಮಾಡುತ್ತಿರುವಾಗಲೇ ದಡಾರನೆ ಎದ್ದು, ವೇದಿಕೆ ಇಳಿದು, ಸರಸರ ಹೊರಗೆ ನಡೆದರು. ನಾಯಕರ ಮಾತು ಅರ್ಧಕ್ಕೆ ನಿಂತಿತು. ವೇದಿಕೆ ಮೇಲೆ ಗುಸುಗುಸು. ನಾಯಕರ ಮೇಲೆ ಮೊದಲೇ ಅಸಮಾಧಾನವಿದ್ದ ನಾಲ್ಕೈದು ಎಮ್ಮೆಲ್ಲೆಗಳು, ಸಭಾತ್ಯಾಗ ಶುರುವಾಯಿತು, ನಾವೇ ಹಿಂದೆ ಬಿದ್ದೆವು ಅಂದುಕೊಂಡು ಎದ್ದು ಇವರ ಬೆನ್ನು ಹತ್ತಿದರು. ಅವರ ಹಿಂದೆ ಪೇಪರಿನವರು.

ಇವರು ಹೊರಗೆ ಹಗ್ಗಕ್ಕೆ ಜೋತುಬಿದ್ದು ಏದುಸಿರು ಬಿಡುತ್ತಿದ್ದಾರೆ. ಬಂದವರೂ ಏನು ಎತ್ತ ಅಂತ ಕೇಳದೆ, ಒಗ್ಗಟ್ಟು ತೋರಿಸುವುದಕ್ಕೆ ಅದೇ ಹಗ್ಗ ಹಿಡಿದುಕೊಂಡರು. ಒಬ್ಬರು ಕಿವಿಯ ಹತ್ತಿರ ಬಂದು, "ಅಣ್ಣಾ, ನಮ್ಮ ಬೇಡಿಕೆ ಏನು?" ಅಂತ ಕೇಳಿದರು.

"ಮರಳು! ಬೇಗ ಮರಳು ಬೇಕು!" ಅಂದರು ಇವರು.

ಮಾರನೇ ದಿನ ಪೇಪರಿನಲ್ಲಿ, ಮರಳಿನ ಅಭಾವ ಖಂಡಿಸಿ ಶಾಸಕರ ಸಭಾತ್ಯಾಗ ಅಂತ ಬಂತು. ಮನೆ ಕಟ್ಟುವವರೆಲ್ಲ ಹೌದು ಹೌದು ಅಂದರು. ನಾಯಕರು ಹೆದರಿ ಮರಳಿನ ಸಮಸ್ಯೆಗೆ ಒಂದು ಸಮಿತಿ ಮಾಡಿದರು. ಅದಕ್ಕೆ ನಮ್ಮವರೇ ಅಧ್ಯಕ್ಷರು. ಅಧ್ಯಕ್ಷರಿಗೆ ಟಿಕೆಟ್ ಇಲ್ಲ ಅನ್ನುವುದಕ್ಕಾಗುತ್ತದೆಯೇ?

ಎಣಿಕೆಯ ದಿನ

ಹಾಗೆ ಪಕ್ಷದ ಕಂಟಕ ಕಳೆಯಿತು. ತಾಯಿಯದು ಉಳಿದಿತ್ತು.

ಎರಡನೇ ಚುನಾವಣೆಯಲ್ಲೂ ಎದುರಿಗೆ ಅದೇ ಗಿರಣಿ ಸಾಹುಕಾರರು. ಈ ಸಲ ಗೆಲುವು ತಮ್ಮದೇ ಅಂತ ಅವರಿಗೆ ಎಷ್ಟು ಧೈರ್ಯ ಅಂದರೆ, ಮತ ಎಣಿಕೆಯ ದಿನಕ್ಕೆ ಗಿರಣಿ ಅಂಗಳದಲ್ಲಿ ವಿಜಯೋತ್ಸವ ಅಂತ ಮುಂಚಿತವಾಗಿಯೇ ಬಂದು ಅಮ್ಮಗಾರ ಹತ್ತಿರ ದೊಡ್ಡ ಶಾಮಿಯಾನ ಹೇಳಿ ಹೋದರು. ಅಮ್ಮಗಾರು ಆಗಲಿ ಅಂದರು. ಮಾರನೇ ದಿನ ಮಗನ ಪಕ್ಷದವರು ಅದೇ ದಿನಕ್ಕೆ ಕೇಳಿಕೊಂಡು ಬಂದರು. ಮುಹೂರ್ತದ ದಿನ, ಬೇರೆ ಶಾಮಿಯಾನವೆಲ್ಲ ಮದುವೆಗೆ ಹೋಗಿವೆ. ಅಮ್ಮಗಾರು ಇಲ್ಲ ಅಂದರು.

ಒನ್ ಟೌನ್ ಪೂರ್ತಿ ಸುದ್ದಿಯಾಯಿತು. "ಹೆತ್ತ ತಾಯಿಯೇ ಸಾಹುಕಾರರಿಗೆ ಶಾಮಿಯಾನ ಕೊಟ್ಟಿದಾಳೆ ಅಂದ್ರೆ ಮಗ ಸೋತ ಹಾಗೇ!" ಅಂದರು ಜನ. ಪಕ್ಷದ ಹುಡುಗರ ಮುಖ ಒಣಗಿತು. ಎಮ್ಮೆಲ್ಲೆಗಾರು ತಾಯಿಯ ಮುಂದೆ ಕೂತು ಅಂಗಲಾಚಿದರು. "ಅಮ್ಮಾ, ನನ್ನ ಮರ್ಯಾದೆ ಪ್ರಶ್ನೆ. ಈ ಒಂದು ಸಲ."

"ಅವರು ಮೊದಲು ಬಂದ್ರು."

"ನಾನು ಗೆದ್ದು ಬಂದ್ರೆ ಎಲ್ಲಿ ನಿಂತ್ಕೊಳ್ಳಲಿ?"

"ಗೆದ್ದೋನಿಗೆ ಬಿಸಿಲು ಕಾಣಲ್ಲ ಕಣೋ. ನೆರಳು ಬೇಕಾಗೋದು ಸೋತೋನಿಗೆ." ಅಮ್ಮಗಾರು ಮಗನ ಮುಖ ನೋಡಿದರು. "ಅದು ನೀನಾಗದೆ ಇರಲಿ ಅಂತ ದುರ್ಗಮ್ಮನಿಗೆ ಹರಕೆ ಹೊತ್ತಿದೀನಿ. ಅದಕ್ಕಿಂತ ಹೆಚ್ಚಿಗೆ ನನ್ನ ಕೈಲಾಗಲ್ಲ."

ಆ ದಿನ ಬಂತು. ಬೆಳಗ್ಗೆ ಅಂಗಡಿಯ ಕೂಲಿಯವರು ಸಾಹುಕಾರರ ಅಂಗಳದಲ್ಲಿ ಶಾಮಿಯಾನ ಕಟ್ಟಿದರು, ಕಾವಲಿಗೆ ಅಮ್ಮಗಾರೇ ಕೂತರು. ಸಾಹುಕಾರರ ಮನೆಯಲ್ಲಿ ಬೂಂದಿ ಕರಿಯುವ ವಾಸನೆ ನಮ್ಮ ಓಣಿಗೂ ಬಂತು. ಎಣಿಕೆ ನಡೆಯುತ್ತಲೇ ಇತ್ತು. ಮಧ್ಯಾಹ್ನದವರೆಗೆ ಸಾಹುಕಾರರು ಮುಂದೆ. ಊಟದ ಹೊತ್ತಿಗೆ ಸಮಸಮ. ಕಾಫಿ ಹೊತ್ತಿಗೆ ಪಟಾಕಿ ಸದ್ದು. ಕೂದಲೆಳೆ ಅಂತರದಲ್ಲಿ ನಮ್ಮ ಎಮ್ಮೆಲ್ಲೆಗಾರು ಗೆದ್ದಿದ್ದರು!

ಮಗನನ್ನು ಹರಸಲು ಅಮ್ಮಗಾರು ಒಂದು ಗಳಿಗೆ ಮನೆಗೆ ಬಂದರು. ಅಷ್ಟರಲ್ಲಿ ಅಂಗಡಿಯ ಕೂಲಿಯವರೆಲ್ಲ ಕೆಲಸ ಬಿಟ್ಟು ಮೆರವಣಿಗೆಯಲ್ಲಿ ಕುಣಿಯಲು ಓಡಿದರು. ಎಮ್ಮೆಲ್ಲೆಗಾರು ತಲೆಯಿಂದ ಕಾಲಿನವರೆಗೆ ಗುಲಾಲು ಮೆತ್ತಿಕೊಂಡು, ಕುತ್ತಿಗೆ ಕಾಣದಷ್ಟು ಹಾರ ಹಾಕಿಕೊಂಡು, ಮೊದಲು ಮನೆಗೆ ಬಂದು ತಾಯಿಯ ಕಾಲಿಗೆ ಬಿದ್ದರು. ಅಮ್ಮಗಾರು ತಲೆ ಸವರಿದರು. ಕಣ್ಣಲ್ಲಿ ನೀರು. ಆಮೇಲೆ ಆಕಾಶ ನೋಡಿದರು. ಕೃಷ್ಣೆಯ ಕಡೆಯಿಂದ ಕಪ್ಪನೆ ಮೋಡ ಏರುತ್ತಿತ್ತು.

"ಸಾಹುಕಾರರ ಅಂಗಳದಲ್ಲಿ ಯಾರಿದಾರೆ?" ಅಂದರು.

ಯಾರೂ ಇರಲಿಲ್ಲ.

"ನಾಳೆ ಬೆಳಗ್ಗೆ ಅದೇ ಬಟ್ಟೆ ಒಂದು ಮದುವೆಗೆ ಹೋಗಬೇಕು. ಮಳೇಲಿ ನೆಂದ್ರೆ ಮಾತು ತಪ್ಪಿದ ಹಾಗೆ." ಇಷ್ಟೇ ಹೇಳಿದ್ದು. ಹೋಗು ಅನ್ನಲಿಲ್ಲ, ಬೇಡ ಅನ್ನಲಿಲ್ಲ.

ಎಮ್ಮೆಲ್ಲೆಗಾರು ಹೊರಗೆ ನೋಡಿದರು. ಓಣಿಯ ತುದಿಯಲ್ಲಿ ಹೂವಿನ ಜೀಪು, ಬ್ಯಾಂಡು, ಅವರ ಹೆಸರಿನ ಜೈಕಾರ. ಚಿಕ್ಕಂದಿನಿಂದ ಕಾದಿದ್ದೆಲ್ಲ ಅಲ್ಲಿ ನಿಂತಿತ್ತು. ಒಂದು ಉಸಿರು ಬಿಟ್ಟು, ಹಾರಗಳನ್ನು ತೆಗೆದು ನನ್ನ ಕೈಗೆ ಕೊಟ್ಟು, ಹಿತ್ತಲ ಬಾಗಿಲಿಂದ ಏಣಿ ತೆಗೆದುಕೊಂಡು ರಿಕ್ಷಾ ಹತ್ತಿದರು. ಹಿಂದಿನ ರಿಕ್ಷಾದಲ್ಲಿ ಅಮ್ಮಗಾರು ಮತ್ತೆ ನಾನು.

ಗಿರಣಿ ಅಂಗಳದಲ್ಲಿ ಸಾಲು ಸಾಲು ಖಾಲಿ ಕುರ್ಚಿ. ಒಂದು ಕಡೆ ಗುಡ್ಡದ ಹಾಗೆ ಬೂಂದಿ. ನಡುವೆ ಸಾಹುಕಾರರು ಒಬ್ಬರೇ, ಶಲ್ಯ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾರೆ. ಬೆಳಗ್ಗೆ ಹಿಂದೆ ಮುಂದೆ ಸುತ್ತುತ್ತಿದ್ದವರಲ್ಲಿ ಒಬ್ಬರೂ ಇಲ್ಲ. ಗುಲಾಲು ಮೆತ್ತಿದ ಮುಖ ಬಾಗಿಲಲ್ಲಿ ಕಂಡಿದ್ದೇ ತಡ, "ಏನಯ್ಯಾ, ಗಾಯದ ಮೇಲೆ ಬರೆ ಎಳೆಯೋಕೆ ಬಂದ್ಯಾ?" ಅಂದರು.

"ಅಲ್ಲ ಸಾಹುಕಾರ್ರೇ. ಮಳೆ ಬರೋ ಹಾಗಿದೆ, ಬಟ್ಟೆ ಬಿಚ್ಚಬೇಕು. ಕೂಲಿಯವರು ಯಾರೂ ಸಿಗಲಿಲ್ಲ."

ಇವರು ಕಂಬಕ್ಕೆ ಏಣಿ ಆನಿಸಿ ಹತ್ತಿ ಒಂದು ಗಂಟು ಬಿಚ್ಚಿದರು, ಎರಡು ಬಿಚ್ಚಿದರು. ಗಾಳಿ ಎದ್ದಿತು. ಏಣಿ ಅತ್ತ ಇತ್ತ ಓಲಾಡಿತು. ಸಾಹುಕಾರರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎದ್ದು ಬಂದು, ಶಲ್ಯವನ್ನು ಸೊಂಟಕ್ಕೆ ಬಿಗಿದು, ಎರಡೂ ಕೈಯಲ್ಲಿ ಏಣಿ ತಬ್ಬಿ ಹಿಡಿದು ನಿಂತರು. ಮೇಲೆ ಗೆದ್ದವರು, ಕೆಳಗೆ ಸೋತವರು. ಇಬ್ಬರ ತಲೆ ಮೇಲೂ ಅದೇ ಹರಿದು ಹೊಲಿದ ಬಟ್ಟೆ. ಅಮ್ಮಗಾರು ಕುರ್ಚಿಗಳನ್ನು ಒಂದರ ಮೇಲೊಂದು ಇಡುತ್ತಾ, ತಲೆ ಕೂಡ ಎತ್ತದೆ, ಸಂತೆಗೆ ಕಳಿಸುವ ಹಾಗೆ ಹೇಳಿದರು: "ಸರಿ, ಇನ್ನೈದು ವರ್ಷ ಹೋಗಿ ಬಾ."

ಅಷ್ಟರಲ್ಲಿ ಗೆದ್ದವರನ್ನು ಕಳೆದುಕೊಂಡ ಮೆರವಣಿಗೆ ಊರೆಲ್ಲ ಹುಡುಕಿ, ಬ್ಯಾಂಡು ಬಾರಿಸುತ್ತಾ ಅಲ್ಲಿಗೇ ನುಗ್ಗಿತು. ಏಣಿ ಮೇಲೆ ತಮ್ಮ ನಾಯಕ! ಹುಡುಗರಿಗೆ ಹುಚ್ಚು ಹಿಡಿಯಿತು. ನಾಲ್ಕು ಕಡೆಯಿಂದ ಏಣಿಗೆ ಕೈ ಹಾಕಿದರು. "ಸಾಹುಕಾರ್ರೇ, ಬಿಡ್ರೀ ಏಣೀನ! ನಮ್ಮ ಎಮ್ಮೆಲ್ಲೆನ ಹಂಗೇ ಹೆಗಲ ಮೇಲೆ ಇಳಿಸ್ಕೋತೀವಿ!"

ಸಾಹುಕಾರರು ಏಣಿಯನ್ನು ಇನ್ನೂ ಗಟ್ಟಿಯಾಗಿ ತಬ್ಬಿಕೊಂಡು, ಅವತ್ತಿನ ಮಟ್ಟಿಗೆ ಮೊದಲ ಸಲ, ಮೈಕೂ ಬೇಡದಷ್ಟು ಜೋರಾಗಿ ಕೂಗಿದರು:

"ಯಾರಾದ್ರೂ ಮುಟ್ಟಿದ್ರೆ ನೋಡಿ! ಇವನು ಬಿದ್ದು ಏನಾದ್ರೂ ಆದ್ರೆ ಮತ್ತೆ ಎಲೆಕ್ಷನ್ ಬರುತ್ತೆ, ಇನ್ನೊಂದು ಸಲ ನಿಲ್ಲೋ ಶಕ್ತಿ ನನಗಿಲ್ಲ!"